ರಾಶಿಯಿಂದ ಮರಕ್ಕೆ

"ಚಿಕ್ಕಿ, ಟೇಬಲ್ ಟೇಬಲ್ ಅಂತೀಯಲ್ಲ, ಅದು ಇರೋದು ಎಲ್ಲಿ?"

ಸಾಗರದ ಅಕ್ಕನ ಮನೆಯ ಜಗಲಿ. ಆಷಾಢದ ಮಳೆ ಮೂರು ದಿನದಿಂದ ಹಿಡಿದದ್ದು ಬಿಟ್ಟಿರಲಿಲ್ಲ. ಅಕ್ಕನ ಮಗಳು ಇಂಜಿನಿಯರಿಂಗ್ ಮೂರನೇ ವರ್ಷದವಳು. ಮರುವಾರ ಅವಳಿಗೆ ಡೇಟಾಬೇಸ್ ಪರೀಕ್ಷೆ. ನಾನು ಬೆಂಗಳೂರಿನಲ್ಲಿ ಹದಿನೆಂಟು ವರ್ಷದಿಂದ ಡೇಟಾಬೇಸುಗಳನ್ನು ನೋಡಿಕೊಳ್ಳುವವಳು.

"ಡಿಸ್ಕಲ್ಲಿ ಇರುತ್ತೆ."

"ಡಿಸ್ಕಲ್ಲಿ ಎಲ್ಲಿ? ತೋರಿಸು ನೋಡನ."

ತೋರಿಸು ಎಂದು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಯಾರೂ ಕೇಳಬೇಕಾಗಿ ಬಾರದಂತೆಯೇ ಈ ವಿದ್ಯೆಯನ್ನು ಕಟ್ಟಿದ್ದು. 1970ರಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಪ್ರಬಂಧ ಬರೆದಾಗ ಅವರ ಮೊದಲ ಕಾಳಜಿಯೇ ಅದಾಗಿತ್ತು: ದತ್ತಾಂಶವನ್ನು ಬಳಸುವವರಿಗೆ ಅದು ಯಂತ್ರದೊಳಗೆ ಹೇಗೆ ಜೋಡಣೆಯಾಗಿದೆ ಎಂಬ ಗೊಡವೆ ಇರಬಾರದು. ಏನು ಬೇಕೋ ಅದನ್ನು ಹೇಳಿದರೆ ಸಾಕು, ಹುಡುಕುವ ಕಷ್ಟ ಯಂತ್ರದ್ದು. ಬ್ಯಾಂಕಿನ ಖಾತೆ, ರೈಲಿನ ಟಿಕೆಟ್ಟು, ಜಮೀನಿನ ಪಹಣಿ ಎಲ್ಲವೂ ಇಂದು ಈ ಭರವಸೆಯ ಮೇಲೆ ನಡೆಯುತ್ತಿವೆ. ಆದರೂ ಬರೆದದ್ದು ಎಲ್ಲೋ ಒಂದು ಕಡೆ ಇರಲೇಬೇಕಲ್ಲ. ಆ ರಾತ್ರಿ ಊಟ ಮುಗಿಸಿ, ಕಷಾಯದ ಲೋಟ ಪಕ್ಕದಲ್ಲಿಟ್ಟುಕೊಂಡು, ನಾವಿಬ್ಬರೂ ಆ "ಎಲ್ಲೋ" ಎಂಬಲ್ಲಿಗೆ ಹೊರಟೆವು.

ದಾರಿಗೆ ಬೇಕಾದ ಬುತ್ತಿ ಸರಳವಾಗಿತ್ತು. ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಇತ್ತು. ಅದರಲ್ಲಿ ಡಿಬಿಸಿಸಿ ಪೇಜ್ ಎಂಬ ಒಂದು ಆಜ್ಞೆಯಿದೆ. ಈ ಕಸುಬಿನವರ ಬಾಯಿಂದ ಬಾಯಿಗೆ ಬಂದ ವಿದ್ಯೆ ಅದು. ಮೊದಲು 3604 ಎಂಬ ಟ್ರೇಸ್ ಫ್ಲ್ಯಾಗ್ ಹಚ್ಚಿ, ಆಮೇಲೆ ಫೈಲಿನ ಸಂಖ್ಯೆ, ಪುಟದ ಸಂಖ್ಯೆ ಕೊಟ್ಟರೆ, ಆ ಪುಟದಲ್ಲಿರುವ ಒಂದೊಂದು ಬೈಟನ್ನೂ ತೆರೆದು ತೋರಿಸುತ್ತದೆ. ಎರಡು ಟೇಬಲ್ ಮಾಡಿದೆವು. ಎರಡರಲ್ಲೂ ಅವೇ ಹತ್ತು ಸಾವಿರ ಸಾಲು: 10, 20, 30 ಎಂದು ಹತ್ತರ ಮಗ್ಗಿಯಲ್ಲಿ ಏರುವ ಒಂದು ಐಡಿ, ಪಕ್ಕದಲ್ಲಿ ಐನೂರು ಸಲ ಬರೆದ "ಕ" ಎಂಬ ಅಕ್ಷರ. ಒಂದು ಟೇಬಲ್ಲಿಗೆ ಯಾವ ಇಂಡೆಕ್ಸೂ ಇಲ್ಲ. ಅಂಥದ್ದಕ್ಕೆ ಹೀಪ್ ಎನ್ನುತ್ತಾರೆ, ರಾಶಿ. ಇನ್ನೊಂದಕ್ಕೆ ಐಡಿಯನ್ನು ಪ್ರೈಮರಿ ಕೀ ಮಾಡಿದೆವು. ಬೇರೇನೂ ಹೇಳದಿದ್ದರೆ ಎಸ್‌ಕ್ಯುಎಲ್ ಸರ್ವರ್ ಅದನ್ನೇ ಕ್ಲಸ್ಟರ್ಡ್ ಇಂಡೆಕ್ಸ್ ಮಾಡಿಕೊಳ್ಳುತ್ತದೆ.

ಫೈಲಿನ ಹೆಬ್ಬಾಗಿಲು ಸೊನ್ನೆಯ ಪುಟ. ಇಡೀ ಫೈಲು ಎಂಟು ಕೆಬಿಯ, ಅಂದರೆ 8,192 ಬೈಟಿನ ಪುಟಗಳಾಗಿ ಹರಡಿಕೊಂಡಿದೆ. ಇದಕ್ಕಿಂತ ಚಿಕ್ಕ ತುಂಡನ್ನು ಡಿಸ್ಕಿನಿಂದ ತರುವುದೂ ಇಲ್ಲ, ಇಡುವುದೂ ಇಲ್ಲ. ಎಂಟು ಪುಟ ಸೇರಿದರೆ ಒಂದು ಎಕ್ಸ್‌ಟೆಂಟ್. ಸೊನ್ನೆಯ ಪುಟ ಫೈಲಿನ ಗುರುತು ಹೇಳುತ್ತದೆ. ಎರಡನೆಯ ಪುಟದ ಹೆಸರು ಗ್ಯಾಮ್. ಅಲ್ಲಿ ನಾನು ತುಂಬ ಹೊತ್ತು ನಿಂತೆ. ಒಂದು ಎಕ್ಸ್‌ಟೆಂಟಿಗೆ ಒಂದೇ ಬಿಟ್: 1 ಎಂದಿದ್ದರೆ ಜಾಗ ಖಾಲಿ, 0 ಎಂದಿದ್ದರೆ ಯಾರೋ ಹಿಡಿದಿದ್ದಾರೆ. ಹೀಗೆ ಎಂಟು ಕೆಬಿಯ ಈ ಒಂದೇ ಪುಟ ಸುಮಾರು 64,000 ಎಕ್ಸ್‌ಟೆಂಟುಗಳ, ಅಂದರೆ ಹೆಚ್ಚುಕಡಿಮೆ ನಾಲ್ಕು ಜಿಬಿಯಷ್ಟು ನೆಲದ ಲೆಕ್ಕ ಇಟ್ಟುಕೊಂಡಿದೆ. ಒಂದು ಸೀಮೆಯ ಅಷ್ಟೂ ಗದ್ದೆಗಳ ಲೆಕ್ಕ ಒಂದು ಅಂಗೈಯಲ್ಲಿ.

"ಇಷ್ಟೇನಾ?" ಎಂದಳು ಹುಡುಗಿ. ಇಷ್ಟೇ. ಇಷ್ಟು ಸಾಕಾಗಿದೆ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ್ದು.

ಅಲ್ಲಿಂದ ಮೊದಲ ಟೇಬಲ್ಲಿನ ಕಡೆ ನಡೆದೆವು. ನಮ್ಮ ಕಡೆ ರಾಶಿ ಎಂದರೆ ಮೊದಲು ನೆನಪಾಗುವುದು ಅಡಿಕೆ. ಸಾಗರದ ಪೇಟೆಯಲ್ಲಿ ಒಂದು ಬಗೆಯ ಅಡಿಕೆಯ ಹೆಸರೇ ರಾಶಿ. ಅದಕ್ಕೋ ಏನೋ, ಹೀಪ್ ಎಂಬ ಮಾತು ಅವಳಿಗೆ ವಿವರಿಸಬೇಕಾಗಿ ಬರಲಿಲ್ಲ. ಬಂದದ್ದನ್ನು ಜಾಗ ಇದ್ದಲ್ಲಿ ಸುರಿಯುವುದು. ನಮ್ಮ ಹೀಪಿನ ಮೊದಲ ಪುಟ ಒಂದನೆಯ ಫೈಲಿನ 312ನೆಯದು. ತೆರೆದೆವು.

ಮೇಲೆ 96 ಬೈಟಿನ ತಲೆಬರಹ. ಈ ಪುಟ ಯಾರದ್ದು, ಎಂಥದ್ದು, ಎಷ್ಟು ಸಾಲಿದೆ, ಎಷ್ಟು ಜಾಗ ಉಳಿದಿದೆ ಎಂಬ ವಿವರ. ಅದರ ಕೆಳಗೆ ಒಂದರ ಹಿಂದೊಂದು ಸಾಲುಗಳು, ಏಳೇ ಏಳು. ಒಂದೊಂದು ಸಾಲೂ ಸಾವಿರದ ಹದಿನೈದು ಬೈಟು ಉದ್ದ, ಎಂಟನೆಯದು ಹಿಡಿಸದು. ಪುಟದ ಕಟ್ಟಕಡೆಯಲ್ಲಿ, ಕೆಳಗಿನಿಂದ ಮೇಲಕ್ಕೆ ಬೆಳೆಯುವ ಒಂದು ಪುಟ್ಟ ಪಟ್ಟಿ: ಸ್ಲಾಟ್ ಅರೇ. ಸಾಲಿಗೆ ಎರಡು ಬೈಟು. ನಿನ್ನ ಸಾಲು ಈ ಪುಟದಲ್ಲಿ ಇಷ್ಟನೇ ಬೈಟಿನಿಂದ ಶುರು ಎನ್ನುವ ಕೈಮರ. ಸಾಲುಗಳು ಮೇಲಿನಿಂದ ಇಳಿಯುತ್ತವೆ, ಕೈಮರಗಳು ಕೆಳಗಿನಿಂದ ಏರುತ್ತವೆ, ಎರಡೂ ಎದುರುಬದುರಾದಲ್ಲಿ ಪುಟ ತುಂಬಿತು.

ಆಗ ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಇದೇನು ಚಿಕ್ಕಿ, 95 0ಸಿ, 95 0ಸಿ ಅಂತ ಸಾಲಾಗಿ?"

ಯೂನಿಕೋಡಿನಲ್ಲಿ "ಕ" ಅಕ್ಷರದ ಸಂಖ್ಯೆ 0ಸಿ95. ಈ ಯಂತ್ರ ಚಿಕ್ಕ ಬೈಟನ್ನು ಮೊದಲು ಬರೆಯುತ್ತದೆ, ಹಾಗಾಗಿ ತಿರುಗುಮುರುಗಾಗಿ 95 0ಸಿ. ಅಂದರೆ ಅದು ನಮ್ಮ ಕ. ಒಂದು ಪುಟ ತುಂಬ ಕ, ಕ, ಕ. ಬಾಲವಾಡಿಯ ಮಗು ಸ್ಲೇಟು ತುಂಬ ತಿದ್ದಿದ ಹಾಗೆ. ಮುಂದಿನ ಪುಟಕ್ಕೆ ಹೋದೆವು. ನೂರರ ಐಡಿಯ ಸಾಲು ಅಲ್ಲಿ 64 00 00 00 ಎಂದು ಕೂತಿತ್ತು. ಹದಿನಾರರ ಲೆಕ್ಕದಲ್ಲಿ ನೂರು ಎಂದರೆ 64. ಹದಿನೆಂಟು ವರ್ಷ ನಾನು ಸಂಬಳ ಪಡೆದದ್ದು ಇಂಥ ಸಾಲುಗಳನ್ನು ಕಾಯುವುದಕ್ಕೆ. ಅವುಗಳ ಮುಖ ನೋಡಿದ್ದು ಅವತ್ತು.

ಈಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಪ್ರತಿ ಪುಟದ ತಲೆಬರಹದಲ್ಲೂ ಹಿಂದಿನ ಪುಟ ಯಾವುದು, ಮುಂದಿನದು ಯಾವುದು ಎಂದು ಬರೆಯಲು ಜಾಗವಿದೆ. ಹೀಪಿನ ಪುಟಗಳಲ್ಲಿ ಎರಡೂ ಕಡೆ ಸೊನ್ನೆ. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಗಿದ್ದರೆ ಇಡೀ ಟೇಬಲ್ಲನ್ನು ಓದುವುದು ಹೇಗೆ? ಐಯಾಮ್ ಎಂಬ ಬೇರೊಂದು ಪುಟ ಇದೆ; ಈ ಟೇಬಲ್ಲಿಗೆ ಯಾವ ಯಾವ ಎಕ್ಸ್‌ಟೆಂಟ್ ಸೇರಿದೆ ಎಂಬುದನ್ನು ಅದು ಬಿಟ್‌ಗಳಲ್ಲಿ ಗುರುತು ಹಾಕಿಕೊಂಡಿರುತ್ತದೆ. ಟೇಬಲ್ಲನ್ನು ಒಂದು ಟೇಬಲ್ ಎಂದು ಹಿಡಿದಿಟ್ಟಿರುವುದು ಅದೊಂದೇ. ಹೊಸ ಸಾಲು ಬಂದಾಗ ಎಲ್ಲಿ ಜಾಗವಿದೆ ಎಂದು ಹೇಳುವುದು ಪಿಎಫ್‌ಎಸ್ ಎಂಬ ಪುಟ. ಅದು ಪುಟಕ್ಕೊಂದು ಬೈಟಿನಂತೆ 8,088 ಪುಟಗಳ ಹೊಟ್ಟೆ ಎಷ್ಟು ತುಂಬಿದೆ ಎಂಬ ಅಂದಾಜು ಇಡುತ್ತದೆ: ಖಾಲಿ, ಐವತ್ತರವರೆಗೆ, ಎಂಬತ್ತರವರೆಗೆ, ತೊಂಬತ್ತೈದರವರೆಗೆ, ಇಲ್ಲ ಪೂರ್ತಿ. ಕೊಳಗ ಹಿಡಿದು ಅಳೆಯದೆ ಕಣ್ಣಳತೆಯಲ್ಲೇ ಹೇಳುವ ಹಳೆಯ ರೈತನ ಲೆಕ್ಕ ಅದು. ಹೀಪಿನಿಂದ ಸಾಲುಗಳನ್ನು ಇಂಥ ಅನುಕ್ರಮದಲ್ಲಿ ಕೊಡು ಎಂದು ಕೇಳದೇ ಹೋದರೆ ಅವು ಯಾವ ಅನುಕ್ರಮದಲ್ಲಿ ಬಂದಾವು ಎಂಬುದಕ್ಕೆ ಹೊಣೆ ಇಲ್ಲ ಎನ್ನುವುದು ನನಗೆ ಬಾಯಿಪಾಠವಾಗಿತ್ತು. ಆ ಎರಡು ಸೊನ್ನೆಗಳನ್ನು ನೋಡಿದ ಮೇಲೆ ಅದು ಮನಸ್ಸಿಗೆ ಇಳಿಯಿತು.

ಹೀಪಿನಲ್ಲಿ ಒಂದು ಸಾಲಿನ ವಿಳಾಸ ಎಂಟು ಬೈಟು: ಫೈಲು, ಪುಟ, ಸ್ಲಾಟ್. ಹೀಪಿನ ಮೇಲೆ ಬೇರೆ ಇಂಡೆಕ್ಸ್ ಕಟ್ಟಿದರೆ ಅದು ಬರೆದುಕೊಳ್ಳುವುದು ಈ ವಿಳಾಸವನ್ನೇ. ಹಾಗಾದರೆ ಸಾಲು ಮನೆ ಬದಲಿಸಿದರೆ? ನೋಡಿಯೇಬಿಡೋಣ ಎಂದು 70ನೇ ಐಡಿಯ ಐನೂರು "ಕ"ಗಳನ್ನು ಸಾವಿರದ ಇನ್ನೂರೈವತ್ತು ಮಾಡಿದೆವು. ಆ ಪುಟದಲ್ಲಿ ಅದಕ್ಕೆ ಜಾಗವಿಲ್ಲ. ಮತ್ತೆ 312ನೆಯ ಪುಟ ತೆರೆದರೆ, ಸಾಲು ಇದ್ದ ಕಡೆ ಒಂಬತ್ತೇ ಬೈಟಿನ ಚೀಟಿ! ಸಾಲು ದೂರದ ಒಂದು ಪುಟಕ್ಕೆ ಹೋಗಿದೆ, ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋಗಿದೆ. ಆ ಹೊಸ ಪುಟಕ್ಕೆ ಹೋದೆವು. ಅಲ್ಲಿ ಸಾಲಿನ ಕೊನೆಯಲ್ಲಿ ತನ್ನ ಹಳೆಯ ಮನೆಯ ವಿಳಾಸವನ್ನು ಬರೆದುಕೊಂಡಿದೆ. ಮುಂದೆ ಅದು ಮತ್ತೊಮ್ಮೆ ಮನೆ ಬದಲಿಸಬೇಕಾಗಿ ಬಂದರೆ ಚೀಟಿಯ ಮೇಲೊಂದು ಚೀಟಿ ಬೆಳೆಯುವುದಿಲ್ಲ. ಹಳೆಯ ಮನೆಗೇ ಸುದ್ದಿ ಕಳಿಸಿ ಅಲ್ಲಿಯ ಚೀಟಿಯನ್ನೇ ತಿದ್ದಿಸುತ್ತದೆ. ಎಷ್ಟು ಸಲ ಹೋದರೂ ಒಂದೇ ಜಿಗಿತ. ಯಾರೋ ಎಂದೋ ಕೂತು ಇಷ್ಟು ದೂರ ಯೋಚಿಸಿದ್ದಾರೆ. ಎಲ್ಲ ಇಂಡೆಕ್ಸುಗಳ ಬಾಗಿಲು ತಟ್ಟಿ ವಿಳಾಸ ತಿದ್ದಿಸುವ ತೊಂದರೆ ತಪ್ಪಿಸುವುದಕ್ಕಾಗಿ ಇಷ್ಟು ಅಚ್ಚುಕಟ್ಟು.

ಆದರೆ ಅದಕ್ಕೊಂದು ಬೆಲೆ ಇದೆ. ಪ್ರತಿ ಏಳನೇ ಸಾಲನ್ನೂ ಹೀಗೆ ಹಿಗ್ಗಿಸಿ ಟೇಬಲ್ಲನ್ನು ಪೂರ್ತಿ ಓದಿಸಿದೆವು. ಮೊದಲು 1,429 ಪುಟ ಓದಿ ಮುಗಿಯುತ್ತಿದ್ದದ್ದು ಈಗ ಎರಡು ಪಟ್ಟಿಗೂ ಮಿಕ್ಕಿತು. ಓದುವಾಗ ಚೀಟಿ ಸಿಕ್ಕಿದಾಗಲೆಲ್ಲ ಅಲ್ಲಿಗೆ ಹಾರಿ, ನೋಡಿ, ಮತ್ತೆ ಇಲ್ಲಿಗೇ ಬರಬೇಕು.

ನಾನು ಮೊದಲು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಇಂಥದ್ದೇ ಒಂದು ಹೀಪ್ ಇತ್ತು. ಕಳಿಸಬೇಕಾದ ಸಂದೇಶಗಳನ್ನು ಅದರಲ್ಲಿ ಹಾಕುವುದು, ಕಳಿಸಿದ ಮೇಲೆ ಅಳಿಸುವುದು. ಒಂದು ಮಧ್ಯರಾತ್ರಿ ಅದು ನಿಂತೇಹೋಯಿತು. ಎಣಿಸಿ ನೋಡಿದರೆ ಒಂದೂ ಸಾಲಿಲ್ಲ. ಆ "ಒಂದೂ ಇಲ್ಲ" ಎಂಬ ಉತ್ತರ ಬರಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಖಾಲಿ ಟೇಬಲ್ಲಿಗೆ ಏಕೆ ಇಷ್ಟು ಹೊತ್ತು ಎಂದು ಅಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಾಗರದ ಈ ರಾತ್ರಿ ಹೀಪಿನ ಸಾಲುಗಳನ್ನು ಕೆಲವೇ ಕೆಲವಾಗಿ ಅಳಿಸುತ್ತಾ ಹೋದೆವು, ಪೂರ್ತಿ ಮುಗಿಯುವ ತನಕ. ಆಮೇಲೆ ಎಣಿಸಿದೆವು: ಸಾಲು ಸೊನ್ನೆ, ಓದಿದ ಪುಟ ಮಾತ್ರ ಸಾವಿರಗಟ್ಟಲೆ. ಟೇಬಲ್ಲಿಗೇ ಬೀಗ ಹಾಕಿಕೊಂಡು ಅಳಿಸದಿದ್ದರೆ, ಹೀಪ್ ತನ್ನ ಖಾಲಿ ಪುಟಗಳನ್ನು ಬಿಟ್ಟುಕೊಡದೆ ಹಿಡಿದುಕೊಂಡಿರುತ್ತದೆ. ಅಂದು ನಾವು ಕಾಯುತ್ತಿದ್ದದ್ದು ಸಾವಿರಾರು ಖಾಲಿ ಮನೆಗಳ ಬಾಗಿಲನ್ನು ಒಂದೊಂದಾಗಿ ತೆರೆದು ಇಣುಕಿ ಬರುವ ಯಂತ್ರಕ್ಕೆ. 2008ರ ಆವೃತ್ತಿಯಿಂದ ಹೀಪನ್ನೂ ಹೊಸದಾಗಿ ಕಟ್ಟಿಸುವ ಆಜ್ಞೆ ಬಂದಿದೆ. ಚೀಟಿಗಳೂ ಖಾಲಿ ಮನೆಗಳೂ ಅದರಿಂದ ಒಟ್ಟಿಗೇ ಹೋಗುತ್ತವೆ.

ಹನ್ನೊಂದು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿ ಇತ್ತು. ಅಕ್ಕ ಲಾಟೀನು ತಂದಿಟ್ಟು, "ಇನ್ನೂ ಮುಗಿದಿಲ್ವನೆ ನಿಮ್ಮ ತಿರುಗಾಟ" ಎಂದು ಒಳಗೆ ಹೋದಳು. ನಾವು ಎರಡನೇ ಟೇಬಲ್ಲಿನ ದಾರಿ ಹಿಡಿದೆವು.

ಇಲ್ಲಿ ಮರ ಇದೆ. ಬೇರು ಮೇಲೆ, ಎಲೆ ಕೆಳಗೆ. ಇದರ ಮೂಲ ಬೋಯಿಂಗ್ ವಿಮಾನ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಕಟ್ಟಿದ ಬಿ-ಟ್ರೀ. ಅವರ ಪ್ರಬಂಧ 1972ರಲ್ಲಿ ಅಚ್ಚಾಯಿತು. ಬಿ ಎಂದರೆ ಏನು ಎಂದು ಅವರು ಪ್ರಬಂಧದಲ್ಲಿ ಬಿಡಿಸಿ ಹೇಳಿಲ್ಲ. ನಮ್ಮ ಮರದ ಬೇರಿನ ಪುಟದಲ್ಲಿ ಮೂರೇ ಸಾಲು. ಒಂದೊಂದು ಸಾಲೂ ಇಷ್ಟು: ಇಂಥ ಐಡಿಯಿಂದ ಮುಂದಿನದು ಬೇಕಿದ್ದರೆ ಇಂಥ ಪುಟಕ್ಕೆ ಹೋಗು. ಆ ಪುಟದಲ್ಲಿ ನೂರಾರು ಅಂಥವೇ ಕೈಮರಗಳು. ಅದರ ಕೆಳಗಿನದು ಎಲೆ, ಮತ್ತು ಎಲೆಯಲ್ಲಿ ಸಾಲುಗಳೇ ಇವೆ: ನಮ್ಮ ಕ, ಕ, ಕ. ಕ್ಲಸ್ಟರ್ಡ್ ಇಂಡೆಕ್ಸ್ ಎಂದರೆ ಟೇಬಲ್ಲಿನ ಪಕ್ಕದಲ್ಲಿ ಇರುವ ಏನೋ ಎಂದು ಹೊಸಬರು ತಿಳಿಯುತ್ತಾರೆ. ಪುಟ ತೆರೆದು ನೋಡಿದವರಿಗೆ ಆ ಭ್ರಮೆ ಉಳಿಯುವುದಿಲ್ಲ; ಟೇಬಲ್ಲೇ ಮರದ ಎಲೆಯಾಗಿ ನಿಂತಿದೆ. ಅದಕ್ಕೇ ಒಂದು ಟೇಬಲ್ಲಿಗೆ ಇದು ಒಂದೇ ಇರಲು ಸಾಧ್ಯ.

43,210ನೇ ಐಡಿ ಹುಡುಕು ಎಂದೆವು. ಮೂರು ಪುಟ ಓದಿತು. ಬೇರು, ನಡು, ಎಲೆ. ಹತ್ತು ಸಾವಿರದಲ್ಲಿ ಒಂದು ಸಾಲು, ಮೂರು ಹೆಜ್ಜೆ.

ಅವಳು ಕಾಗದ ತೆಗೆದು ಲೆಕ್ಕಕ್ಕೆ ಕೂತಳು. ನಮ್ಮ ಐಡಿ ನಾಲ್ಕು ಬೈಟಿನದು; ಕೈಮರಕ್ಕೆ ಎಲ್ಲ ಸೇರಿ 13 ಬೈಟು ಬೇಕು; ಪುಟದಲ್ಲಿ 8,096 ಬೈಟು ಸಿಗುತ್ತದೆ. ಭಾಗಿಸಿದರೆ ಒಂದು ಪುಟಕ್ಕೆ 622 ಕೈಮರ. ಬೇರಿನಿಂದ 622, ಅವುಗಳಿಂದ 622ರಂತೆ 3,86,884. ಇನ್ನೊಂದು ಮೆಟ್ಟಿಲು ಸೇರಿಸಿದರೆ 24 ಕೋಟಿಗೂ ಮಿಕ್ಕಿದ ಎಲೆಗಳು. ಎಲೆಗೆ ಏಳು ಸಾಲಿನಂತೆ 168 ಕೋಟಿ ಸಾಲು. "ಚಿಕ್ಕಿ," ಅವಳ ದನಿ ಇಳಿಯಿತು, "ಇಂಡಿಯಾದಲ್ಲಿ ಇರೋರಿಗೆಲ್ಲ ಒಂದೊಂದು ಸಾಲು ಬರೆದರೂ, ಒಬ್ಬರನ್ನ ಹುಡುಕೋಕೆ ನಾಲ್ಕು ಪುಟ ಸಾಕು."

ನಾಲ್ಕು ಪುಟ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎಲೆಯ ಪುಟಗಳಲ್ಲಿ ಹಿಂದಿನದು, ಮುಂದಿನದು ಎಂಬ ಜಾಗಗಳು ಈಗ ತುಂಬಿದ್ದವು. 1,760ನೆಯದು ಮೊದಲ ಎಲೆ. ಅದರ ಮುಂದಿನದು 1,761, ಆಮೇಲೆ 1,762. ಕೈ ಕೈ ಹಿಡಿದು ನಿಂತ ಸಾಲು. ಪುಟದ ಒಳಗೂ ಹೀಗೇ ಕ್ರಮವಾಗಿ ಇರಬೇಕಲ್ಲ ಎಂದುಕೊಂಡೆ. ನಾನು ಎಷ್ಟೋ ಜನರಿಗೆ ಹಾಗೆಯೇ ಹೇಳಿಕೊಟ್ಟಿದ್ದೆ. ನೋಡುವ ಎಂದು 45 ಎಂಬ ಐಡಿಯ ಹೊಸ ಸಾಲು ಸೇರಿಸಿದೆವು. ಅದರ ಪಕ್ಕಕ್ಕೆ ಏನು ಬರೆಯಬೇಕೋ ಅದನ್ನು ಅವಳಿಗೆ ಬಿಟ್ಟೆ. "ಸಾಗರದಲ್ಲಿ ಮಳೆ" ಎಂದು ಬರೆದಳು. ಪುಟ ತೆರೆದೆವು. ಆ ಸಾಲು ಕೂತದ್ದು 40 ಮತ್ತು 50ರ ನಡುವೆ ಅಲ್ಲ. ಪುಟದ ಕೊನೆಯ ಖಾಲಿ ಜಾಗದಲ್ಲಿ, 70ರ ಸಾಲಾದ ಮೇಲೆ. ಬದಲಾದದ್ದು ಸ್ಲಾಟ್ ಪಟ್ಟಿ ಮಾತ್ರ: ಐದನೇ ಕೈಮರ ಈಗ ಪುಟದ ತುದಿಗೆ ಕೈ ತೋರಿಸುತ್ತಿತ್ತು, ಅದರ ಮುಂದಿನ ಕೈಮರಗಳು ಒಂದೊಂದು ಹೆಜ್ಜೆ ಸರಿದು ನಿಂತಿದ್ದವು. ಸಾವಿರ ಸಾವಿರ ಬೈಟಿನ ಸಾಲುಗಳನ್ನು ಎಬ್ಬಿಸದೆ, ಎರಡೆರಡು ಬೈಟುಗಳನ್ನು ಸರಿಸಿ ಅನುಕ್ರಮ ಉಳಿಸಿಕೊಂಡಿತ್ತು. ನೆಲದಲ್ಲಿ ಕ್ರಮವಿರಲಿಲ್ಲ. ಕ್ರಮ ಇದ್ದದ್ದು ಕೈಮರಗಳಲ್ಲಿ. ಆ ಪ್ರವಾಸದಲ್ಲಿ ನಾನು ಕಂಡದ್ದರಲ್ಲೆಲ್ಲ ದೊಡ್ಡದು ಇದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈಗ 47ರ ಸರದಿ. ಇದಕ್ಕೆ ಪೂರ್ತಿ ಐನೂರು ಅಕ್ಷರ. ಪುಟದಲ್ಲಿ ಉಳಿದದ್ದು ಸಾಲದು, ಮತ್ತು ಮರದಲ್ಲಿ ಹೀಪಿನಂತೆ ಜಾಗ ಇದ್ದಲ್ಲಿ ಹೋಗಿ ಕೂರುವಂತಿಲ್ಲ. 45ರ ಮುಂದೆ, 50ರ ಹಿಂದೆಯೇ ಬರಬೇಕು. ಆಗ ಪುಟ ಒಡೆಯುತ್ತದೆ. ಪೇಜ್ ಸ್ಪ್ಲಿಟ್. ಸುಮಾರು ಅರ್ಧ ಸಾಲುಗಳು ಎದ್ದು ಹೊಸ ಪುಟಕ್ಕೆ ಹೋದವು. ಆ ಹೊಸ ಪುಟದ ಸಂಖ್ಯೆ 3,197. ಮೇಲಿನ ಪುಟದಲ್ಲಿ ಅದಕ್ಕೊಂದು ಹೊಸ ಕೈಮರ ಹುಟ್ಟಿತು. 1,760ರ ತಲೆಬರಹದಲ್ಲಿ ಮುಂದಿನ ಪುಟ ಎಂಬಲ್ಲಿ 3,197 ಎಂದಾಯಿತು; ಅಲ್ಲಿಗೆ ಹೋದರೆ ಮುಂದಿನದು 1,761. ಮೊದಲ ಹೆಜ್ಜೆಯಿಂದ ಎರಡನೆಯದಕ್ಕೆ ಹೋಗಲು ಸಾವಿರದ ನಾನೂರಕ್ಕೂ ಹೆಚ್ಚು ಪುಟ ದಾಟಿ, ಅಷ್ಟನ್ನೂ ಮತ್ತೆ ತಿರುಗಿ ಬರಬೇಕು.

ಅಕ್ಕನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಕಡತವಿದೆ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಕೆ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದ ಬರಹ. ಒಂದೇ ಬಟ್ಟೆಯಾದ್ದರಿಂದ ಎರಡು ಮಡಿಕೆಗಳ ನಡುವೆ ಹೊಸ ಮಡಿಕೆ ಸೇರಿಸಲು ಬರುವುದಿಲ್ಲ. ಜಾಗ ಸಾಲದೆ ಬಂದ ಒಂದು ಲೆಕ್ಕ ಹಿಂಬದಿಯ ಕೊನೆಯ ಮಡಿಕೆಗೆ ಹೋಗಿದೆ, ಅಂಚಿನಲ್ಲಿ ಅಲ್ಲಿ ನೋಡುವುದು ಎಂಬ ಗುರುತಿದೆ. ಮರುದಿನ ಬೆಳಿಗ್ಗೆ ಅದನ್ನು ಇಳಿಸಿ ಅವಳಿಗೆ ತೋರಿಸಿದೆ. ನೋಡಿದ ಕೂಡಲೇ ಅವಳು "1,760" ಎಂದಳು.

ಇಂಥ ಒಡಕು ಒಂದಾದರೆ ಚಿಂತೆಯಿಲ್ಲ. ಲಕ್ಷ ಆದರೆ ಅದಕ್ಕೆ ಫ್ರಾಗ್ಮೆಂಟೇಶನ್ ಎನ್ನುತ್ತಾರೆ. ಅದರ ತುತ್ತತುದಿ ನೋಡಲು ಮತ್ತೊಂದು ಟೇಬಲ್ ಮಾಡಿದೆವು: ಹತ್ತು ಲಕ್ಷ ಪುಟ್ಟ ಸಾಲುಗಳು, ಕ್ಲಸ್ಟರ್ಡ್ ಕೀ ಆಗಿ ಹದಿನಾರು ಬೈಟಿನ ಗುಯಿಡ್, ಅಂದರೆ ಹಿಂದುಮುಂದಿಲ್ಲದ ಒಂದು ಯಾದೃಚ್ಛಿಕ ಸಂಖ್ಯೆ. ಇಲ್ಲಿ ಪ್ರತಿ ಹೊಸ ಸಾಲೂ ಮರದ ಯಾವುದೋ ಮೂಲೆಗೆ ಬೀಳುತ್ತದೆ, ಎಲ್ಲೆಂದರಲ್ಲಿ ಎಲೆಗಳು ಒಡೆಯುತ್ತವೆ. ತುಂಬಿ ಮುಗಿದ ಮೇಲೆ ಅಳೆದೆವು. ಎರಡು ಅಂಕಿ ಬಂದವು. ಪುಟದಿಂದ ಪುಟಕ್ಕೆ ದಾರಿ ತಪ್ಪಿದ ಪ್ರಮಾಣ ನೂರಕ್ಕೆ 99. ಪುಟಗಳ ಹೊಟ್ಟೆ ತುಂಬಿದ ಪ್ರಮಾಣ ಸುಮಾರು 69.

ಈ 69 ನನ್ನನ್ನು ಬೆರಗುಗೊಳಿಸಿತು. ನೀವು ಬೇರೆ ಯಂತ್ರದಲ್ಲಿ ಬೇರೆ ದಿನ ಮಾಡಿ ನೋಡಿ, ಹೆಚ್ಚುಕಡಿಮೆ ಅದೇ ಬರುತ್ತದೆ. ಅಡ್ಡಾದಿಡ್ಡಿ ಬರುವ ಕೀಗಳಿಂದ ಬೆಳೆದ ಬಿ-ಟ್ರೀಯ ಪುಟಗಳು ಕೊನೆಗೆ 2ರ ಸ್ವಾಭಾವಿಕ ಲಾಗರಿತಮ್‌ನಷ್ಟು, ಅಂದರೆ 0.693ರಷ್ಟು ತುಂಬಿ ನಿಲ್ಲುತ್ತವೆ ಎಂದು ಆಂಡ್ರ್ಯೂ ಯಾವೊ 1978ರಲ್ಲೇ ಗಣಿತದಿಂದ ತೋರಿಸಿದ್ದರು. ಯಾವ ಕ್ರಮವೂ ಇಲ್ಲದೆ ಸುರಿದ ಹತ್ತು ಲಕ್ಷ ಸಂಖ್ಯೆಗಳು ತಮ್ಮಷ್ಟಕ್ಕೆ ತಾವೇ ಪಿಯುಸಿ ಗಣಿತದ ಒಂದು ಸ್ಥಿರಾಂಕದ ಹತ್ತಿರ ಬಂದು ನೆಲೆ ನಿಂತಿದ್ದವು, ನಮ್ಮ ಜಗಲಿಯ ಮೇಲೆ.

ಎರಡು ಅಂಕಿಗಳಲ್ಲಿ ಮೊದಲನೆಯದಕ್ಕೆ ನನ್ನ ಓರಗೆಯವರು ಹೆಚ್ಚು ಹೆದರಿದ್ದರು, ಅದಕ್ಕೆ ಕಾರಣವಿತ್ತು. ತಿರುಗುವ ಡಿಸ್ಕು ನಿಮಿಷಕ್ಕೆ 7,200 ಸುತ್ತು ಹಾಕಿದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡು, ಬೇಕಾದ ಪುಟ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ ಕಾಯಬೇಕು. ಸಾಲಾಗಿ ಓದುವಾಗ ಆ ಕಾಯುವಿಕೆ ಒಂದೇ ಸಲ. ದಾರಿ ತಪ್ಪಿದಲ್ಲೆಲ್ಲ ಮತ್ತೆ ಮತ್ತೆ. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಹತ್ತಿರ ದೂರ ಎಂಬ ಭೇದ ಬಹಳ ಕಡಿಮೆಯಾಗಿದೆ. ಎರಡನೇ ಅಂಕಿಯ ಪೆಟ್ಟು ಮಾತ್ರ ಹಾಗೇ ಉಳಿದಿದೆ. ಪುಟದಲ್ಲಿ ನೂರಕ್ಕೆ ಮೂವತ್ತೊಂದು ಪಾಲು ಬರಿಗಾಳಿ ಎಂದರೆ ಡಿಸ್ಕಿನಲ್ಲೂ ಗಾಳಿ, ಅದನ್ನು ಹೊತ್ತು ತಂದಿಡುವ ಮೆಮೊರಿಯಲ್ಲೂ ಗಾಳಿ, ಬ್ಯಾಕಪ್ಪಿನಲ್ಲೂ ಗಾಳಿ.

ಚೆದುರಿದ್ದು ನೂರಕ್ಕೆ 5ರಿಂದ 30ರೊಳಗೆ ಇದ್ದರೆ ರಿಯಾರ್ಗನೈಜ್ ಮಾಡಿ, 30 ದಾಟಿದರೆ ರೀಬಿಲ್ಡ್ ಮಾಡಿ ಎಂಬ ಸೂತ್ರ ನಮ್ಮ ಕಸುಬಿನಲ್ಲಿ ಮಂತ್ರದಂತೆ ನಡೆದುಬಂದಿದೆ. ಅದನ್ನು ಕೊಟ್ಟವರು ಎಸ್‌ಕ್ಯುಎಲ್ ಸರ್ವರ್ 2000ಕ್ಕಾಗಿ ಚೆದುರಿದ್ದನ್ನು ಜೋಡಿಸುವ ಆಜ್ಞೆ ಬರೆದ ಪಾಲ್ ರ‍್ಯಾಂಡಲ್. ಅಂಕಿ ಬೇಕೇಬೇಕು ಎಂದವರಿಗೆ ಅಂದಾಜಿನಲ್ಲಿ ಕೊಟ್ಟದ್ದು ಅದು ಎಂದು ಅವರೇ ಆಮೇಲೆ ಬಹಿರಂಗವಾಗಿ ಹೇಳಿದ್ದಾರೆ. ಸಾವಿರ ಪುಟವೂ ಇಲ್ಲದ ಟೇಬಲ್ಲಿನ ಚಿಂತೆ ಬೇಡ ಎಂದೂ. ನಾನು ವರ್ಷಗಟ್ಟಲೆ ಪ್ರತಿ ರಾತ್ರಿ ಎಲ್ಲ ಟೇಬಲ್ಲುಗಳನ್ನೂ ರೀಬಿಲ್ಡ್ ಮಾಡಿಸಿದವಳು. ಈಗ ನನ್ನ ಅಭಿಪ್ರಾಯ ಬೇರೆ. ಬೆಳಿಗ್ಗೆ ಒಡೆಯುವ ಮರವನ್ನು ರಾತ್ರಿ ಕಟ್ಟುವ ಮೊದಲು, ಅದು ಏಕೆ ಒಡೆಯುತ್ತಿದೆ ಎಂದು ಕೀಯನ್ನು ನೋಡಬೇಕು. ಏರುತ್ತಾ ಹೋಗುವ ಕೀ ಇದ್ದರೆ ಹೊಸದೆಲ್ಲ ಬಲತುದಿಯಲ್ಲೇ ಸೇರುತ್ತದೆ, ನಡುವೆ ಒಡಕಿಲ್ಲ. ಗುಯಿಡ್ಡೇ ಬೇಕೆಂದವರಿಗೂ 2005ರಿಂದ ಏರುಕ್ರಮದಲ್ಲಿ ಹುಟ್ಟುವ ಗುಯಿಡ್ ಇದೆ. ಅದೂ ಆಗದಿದ್ದರೆ ಫಿಲ್ ಫ್ಯಾಕ್ಟರ್ ಕಡಿಮೆ ಮಾಡಿ ಪುಟದಲ್ಲಿ ಮೊದಲೇ ಒಂದಷ್ಟು ಜಾಗ ಬಿಟ್ಟುಕೊಳ್ಳಬಹುದು, ಗಿಡ ಬೆಳೆಯಲೆಂದು ನಡುವೆ ಅಂತರ ಬಿಟ್ಟು ನೆಟ್ಟ ಹಾಗೆ.

ಬೇರೆ ದೇಶಗಳಲ್ಲಿ ಬೇರೆ ರೂಢಿ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ಲುಗಳು ರಾಶಿಯಾಗಿಯೇ ಇರುತ್ತವೆ. ತಿದ್ದಿದರೆ ಸಾಲಿನ ಹೊಸ ಪ್ರತಿಯನ್ನೇ ಬರೆದು, ಸತ್ತ ಪ್ರತಿಗಳನ್ನು ಆಮೇಲೆ ವ್ಯಾಕ್ಯೂಮ್ ಗುಡಿಸುತ್ತದೆ. ಮೈಎಸ್‌ಕ್ಯುಎಲ್‌ನ ಇನೊಡಿಬಿಯಲ್ಲಿ ಪ್ರತಿ ಟೇಬಲ್ಲೂ ಮರ, ಪುಟ ಹದಿನಾರು ಕೆಬಿ. ಆ ಕಡೆ ಇನ್ನೊಂದು ಮಳೆಗಾಲದಲ್ಲಿ ಹೋಗುವುದು ಎಂದು ಇಬ್ಬರೂ ಮಾತಾಡಿಕೊಂಡೆವು.

ಹೊರಡುವ ಮೊದಲು ನಮ್ಮ ಮರವನ್ನು ರೀಬಿಲ್ಡ್ ಮಾಡಿಸಿದೆವು. ಕ್ಷಣದಲ್ಲಿ ಮುಗಿಯಿತು. ರೀಬಿಲ್ಡ್ ಎಂದರೆ ಇದ್ದಲ್ಲೇ ಸರಿಪಡಿಸುವುದಲ್ಲ. ಹೊಸ ನೆಲದಲ್ಲಿ ಹೊಸ ಎಲೆಗಳನ್ನು ಕ್ರಮವಾಗಿ ಬರೆದು, ಹಳೆಯ ನೆಲವನ್ನು ಪೂರ್ತಿ ಬಿಟ್ಟುಕೊಡುವುದು. ಗ್ಯಾಮ್‌ನಲ್ಲಿ ಆ ಬಿಟ್‌ಗಳು ಮತ್ತೆ 1 ಆದವು. 10, 20, 30, 40, 45, 47, ಎಲ್ಲವೂ ಈಗ ಬೇರೆ ಸಂಖ್ಯೆಯ ಪುಟಗಳಲ್ಲಿ, ಕೈ ಕೈ ಹಿಡಿದುಕೊಂಡು.

"ಹಾಗಾದ್ರೆ 1,760ರಲ್ಲಿ ಈಗ ಏನಿದೆ?" ಎಂದಳು.

ಅಲ್ಲಿಗೆ ಹೋದೆವು. ಈ ಪುಟ ಯಾರಿಗೂ ಹಂಚಿಕೆಯಾಗಿಲ್ಲ ಎಂದು ಮೇಲೆಯೇ ಬರೆದಿತ್ತು. ಯಾವ ಟೇಬಲ್ಲಿಗೂ ಅದು ಸೇರಿದ್ದಲ್ಲ, ಯಾವ ಪ್ರಶ್ನೆಯೂ ಇನ್ನು ಅಲ್ಲಿಗೆ ಬರುವುದಿಲ್ಲ. ಕೆಳಗೆ ಸರಿಸಿದೆವು. 95 0ಸಿ, 95 0ಸಿ, ಹಾಗೇ ಇದ್ದವು. ಬಿಟ್ಟುಕೊಟ್ಟ ನೆಲವನ್ನು ಯಂತ್ರ ಒರೆಸುವುದಿಲ್ಲ. ಮುಂದೆ ಯಾರೋ ಬಂದು ಅಲ್ಲಿ ಬರೆಯುವವರೆಗೆ ಹಳೆಯದು ಹಾಗೇ ಉಳಿದಿರುತ್ತದೆ. ಅವಳು ಬೆರಳಿಟ್ಟುಕೊಂಡು ಬೈಟಿನಿಂದ ಬೈಟಿಗೆ ಇಳಿದಳು. 70ರ ಸಾಲು ಇದ್ದ ಜಾಗ ದಾಟಿದ ಮೇಲೆ, ಪುಟದ ತುದಿಯ ಹತ್ತಿರ, ಅವಳ ಬೆರಳು ಬಿ8 0ಸಿ ಎಂಬಲ್ಲಿ ನಿಂತಿತು.

"ಸ," ಎಂದಳು. ಮುಂದಿನ ಬೈಟು ಓದಿದಳು, ಅದರ ಮುಂದಿನದನ್ನೂ. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಸಾಗರದಲ್ಲಿ ಮಳೆ.